ಅಟ್ಟದ ಕಾಯಿಗಳ ಸ್ವಂತ ಸಮಾಚಾರ

ಗೊನೆಗೆರೆಯ ಶಿವರುದ್ರಮ್ಮನ ಅಟ್ಟದಲ್ಲಿದ್ದ ಎಂಟು ಸಾವಿರದ ನಾನೂರ ಹನ್ನೆರಡು ತೆಂಗಿನಕಾಯಿಗಳು ಮಾರ್ಚ್ ತಿಂಗಳ ಮೊದಲನೇ ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆಯಿಂದ ತೆಂಗಿನಕಾಯಿಗಳಲ್ಲ ಎಂದು ಗ್ರಾಮ ಪಂಚಾಯಿತಿಯಲ್ಲಿ ತೀರ್ಮಾನವಾಯಿತು. ಈ ತೀರ್ಮಾನಕ್ಕೆ ಯಾರ ವಿರೋಧವೂ ಇರಲಿಲ್ಲ. ಶಿವರುದ್ರಮ್ಮ ಆ ಹೊತ್ತಿನಲ್ಲಿ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಅವಳಿಗೆ ವಿರೋಧ ಇದ್ದಿದ್ದರೂ ಅದು ಕೈಕಾಲು ತೊಳೆದುಕೊಂಡು ಸಭೆಗೆ ಬರುವಷ್ಟರಲ್ಲಿ ಸಭೆಯವರು ಬೋಂಡ ತಿಂದು ಎದ್ದಿರುತ್ತಿದ್ದರು.

ಕಾಯಿ ಕಾಯಿಯಲ್ಲ ಅಂದಮೇಲೆ ಮತ್ತೇನು? ಅದನ್ನು ಬುಡದಿಂದಲೇ ಹೇಳಬೇಕು.

ಆ ವರ್ಷ ಮೇಲಿನವರು ‘ನನ್ನ ಸಮಾಚಾರ ನನ್ನ ಬಾಯಲ್ಲೇ’ ಎಂಬ ಅಭಿಯಾನ ಹೊರಡಿಸಿದ್ದರು. ಊರಿನ ಪ್ರತಿಯೊಬ್ಬ ವಯಸ್ಕರೂ ವಿಡಿಯೋ ಪಾಡ್‌ಕಾಸ್ಟಿನಲ್ಲಿ ಕೂತು, ಐದು ನಿಮಿಷಕ್ಕೆ ಮೀರದಂತೆ ತಮ್ಮ ಸ್ವಂತ ಅಪ್‌ಡೇಟು ಹೇಳತಕ್ಕದ್ದು. ಶುರುವಿಗೆ ಏಳು ಸೆಕೆಂಡು ಸ್ಥಳೀಯ ಸಂಗೀತ ಇರತಕ್ಕದ್ದು. ಪಕ್ಕದ ಮನೆಯ ಸಮಾಚಾರ ಹೇಳಕೂಡದು ಎಂದು ಕೆಳಗೆ ಕೆಂಪು ಗೆರೆ ಎಳೆದಿತ್ತು. ಇದರಿಂದ ಊರಿನ ಅರ್ಧ ಜನಕ್ಕೆ ಹೇಳಲಿಕ್ಕೆ ಏನೂ ಇಲ್ಲದಂತಾಯಿತು.

ಗೊನೆಗೆರೆಗೆ ಬಂದ ಗುರಿ ಒಂಬತ್ತು ಸಾವಿರದ ಮುನ್ನೂರು ಅಪ್‌ಡೇಟು. ಊರಿನಲ್ಲಿ ವಯಸ್ಕರು ಎಂಟುನೂರ ಎಂಬತ್ತೆಂಟು. ಹೊಸದಾಗಿ ಬದಲಿಯಾಗಿ ಬಂದಿದ್ದ ಪಿಡಿಒ ಸೂರ್ಯಪ್ರಕಾಶ್ ಹಳೇ ಕಾಗದ ತೆಗೆಸಿ ನೋಡಿದರು. ಯಾರೋ ಪುಣ್ಯಾತ್ಮರು ಜನಸಂಖ್ಯೆಯ ಜಾಗದಲ್ಲಿ ಊರಿನ ತೆಂಗಿನ ಮರಗಳ ಸಂಖ್ಯೆ ಬರೆದಿದ್ದರು. ಈ ಭಾಗದಲ್ಲಿ ಇದು ಅಂಥ ತಪ್ಪೇನಲ್ಲ. ಯಾರಾದರೂ ಹೊಸಬರನ್ನು ಕಂಡರೆ ‘ಮಕ್ಕಳೆಷ್ಟು’ ಅಂತ ಕೇಳುವ ಮೊದಲು ‘ಮರ ಎಷ್ಟು’ ಅಂತಲೇ ಕೇಳುವುದು ವಾಡಿಕೆ. ಸೂರ್ಯಪ್ರಕಾಶ್ ತಿದ್ದುಪಡಿ ಕೋರಿ ಬರೆದರು. ಹತ್ತೇ ದಿನದಲ್ಲಿ ಉತ್ತರ ಬಂತು: ‘ಗುರಿ ಒಮ್ಮೆ ನಿಗದಿಯಾದ ನಂತರ ಬದಲಾಗುವುದಿಲ್ಲ. ಜನಸಂಖ್ಯೆಯನ್ನು ಗುರಿಗೆ ಸರಿಹೊಂದಿಸಿಕೊಂಡು ಜೂನ್ ಮೂವತ್ತರೊಳಗೆ ವರದಿ ಮಾಡುವುದು.’

ಸೂರ್ಯಪ್ರಕಾಶ್‌ಗೆ ಅಂದಿನಿಂದ ನಿದ್ದೆ ಇಲ್ಲ.

ಅಷ್ಟರಲ್ಲಿ ತುಮಕೂರಿನಿಂದ ಇಂಪನಾ ಎಂಬ ತಾಂತ್ರಿಕ ಸಲಹೆಗಾರ್ತಿ ಬಂದಿಳಿದಳು. ಹೆಗಲಿಗೆ ಕ್ಯಾಮೆರಾ, ಕತ್ತಿಗೆ ಹೆಡ್‌ಫೋನು. ಪಂಚಾಯಿತಿಯ ತಗಡಿನ ಹಾಲಿನಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದಳು. ಚಪ್ಪಾಳೆ ನಾಲ್ಕು ಸಲ ಕೇಳಿಸಿತು.

“ಸಾರ್, ಇಲ್ಲಿ ಒಬ್ರು ಮಾತಾಡಿದ್ರೆ ನಾಲ್ಕು ಜನ ಜಗಳ ಆಡ್ದಂಗೆ ಇರುತ್ತೆ. ಸದ್ದು ಹೀರ್ಕೊಳ್ಳೋ ಸ್ಪಂಜು ಎಲ್ಲಿ?”

ಸ್ಪಂಜು ಬಂದು, ಗೋಡೆಗೆ ಅಂಟಿಸಿಯೂ ಆಯಿತು ಎಂದು ಜನವರಿಯಲ್ಲೇ ಬರೆದಾಗಿತ್ತು. ಸಹಿಯೂ ಆಗಿತ್ತು. ಸ್ಪಂಜು ಬರುವುದೊಂದೇ ಬಾಕಿ. ಅಧ್ಯಕ್ಷರ ಮನೆಯ ಹೊಸ ಸೋಫಾ ಬಲು ಮೆತ್ತಗಿದೆ ಎಂದು ಕೂತು ಬಂದವರು ಹೇಳುತ್ತಿದ್ದರು. ಆದರೆ ಅದು ಪಕ್ಕದ ಮನೆಯ ಸಮಾಚಾರ, ಇಲ್ಲಿ ಹೇಳಕೂಡದು.

ಇಂಪನಾ ಬಿಸಿಲಿಗೆ ಬಾಯಾರಿ ಎದುರು ಮನೆಗೆ ಹೋದಳು. ಅದು ಶಿವರುದ್ರಮ್ಮನ ಮನೆ. ಮಜ್ಜಿಗೆ ಕುಡಿದು ಲೋಟ ಇಡುವಾಗ ಏಣಿ ಕಾಣಿಸಿತು. “ಅಜ್ಜಿ, ಮೇಲೇನಿದೆ?”

“ಕೊಬ್ರಿಗೆ ಹಾಕಿರೋ ಕಾಯಿ ಕಣವ್ವ. ಹೋದ ಆಷಾಢದಲ್ಲಿ ಹಾಕಿದ್ದು. ಹತ್ತಿ ನೋಡು, ಜೇಡ ಐತೆ, ತಲೆ ಜ್ವಾಕೆ.”

ಹುಡುಗಿ ಹತ್ತಿದಳು. ಸಿಪ್ಪೆ ಸಮೇತ ಕಾಯಿಗಳು ಗೋಡೆಯಿಂದ ಗೋಡೆಗೆ ಎದೆಮಟ್ಟ ಪೇರಿದ್ದವು. ನಡುವೆ ನಿಂತು ಚಪ್ಪಾಳೆ ತಟ್ಟಿದಳು. ಸದ್ದು ಹುಟ್ಟಿದಲ್ಲೇ ಸತ್ತಿತು. ಇನ್ನೊಂದು ತಟ್ಟಿದಳು. ಅದೂ ಸತ್ತಿತು. ಮೇಲಿನಿಂದಲೇ ಕೂಗಿದಳು: “ಸಾರ್! ಸ್ಪಂಜು ಸಿಕ್ತು!”

ಹೀಗಾಗಿ ಆ ಸೋಮವಾರದ ತೀರ್ಮಾನ. ಅಟ್ಟವನ್ನು ‘ತಾತ್ಕಾಲಿಕ ಶಾಶ್ವತ ಸ್ಟುಡಿಯೋ’ ಎಂದೂ, ಅಲ್ಲಿದ್ದವುಗಳನ್ನು ‘ಧ್ವನಿ ಹೀರುವ ಉಪಕರಣ, ನಾರಿನದು, ದುಂಡಗಿನದು’ ಎಂದೂ ದಾಖಲಿಸಲಾಯಿತು. ಪಂಚಾಯಿತಿಯ ಇಬ್ಬರು ಮೂರು ದಿನ ಅಟ್ಟದಲ್ಲಿ ಕೂತು ಒಂದೊಂದು ಕಾಯಿಯ ಮೇಲೂ ಮಾರ್ಕರಿನಿಂದ ನಂಬರು ಬರೆದರು.

“ಕಾಯಿ ಅಂತ್ಲೇ ಬರಕೊಂಡ್ರೆ ಏನ್ ಗಂಟು ಹೋಯ್ತದೆ?” ಎಂದು ಶಿವರುದ್ರಮ್ಮ ಕೇಳಿದಳು.

“ಕಾಯಿ ಅಂತ ಬರೆದ್ರೆ ಆಡಿಟ್‌ನೋರು ಯಾರು ತಿಂದ್ರಿ ಅಂತ ಕೇಳ್ತಾರಮ್ಮ. ಉಪಕರಣ ಅಂದ್ರೆ ಯಾರೂ ಏನೂ ಕೇಳಲ್ಲ.”

“ಕೊಬ್ರಿ ಆದಾಗ ಇಳುಸ್ಕೋಬೋದು ತಾನೆ?”

“ಉಪಕರಣ ಕೊಬ್ರಿ ಆಗಲ್ಲಮ್ಮ.” ಸೂರ್ಯಪ್ರಕಾಶ್ ಬಹಳ ಮರ್ಯಾದೆಯಿಂದಲೇ ಹೇಳಿದರು.

ಶಿವರುದ್ರಮ್ಮ ಶಾಲೆಯ ಕಡೆ ತಲೆ ಹಾಕಿ ಮಲಗಿದವಳೂ ಅಲ್ಲ. ಆದರೆ ಅವಳ ಕಿವಿಗೆ ಈ ಸೀಮೆಯಲ್ಲಿ ಹೆಸರಿತ್ತು. ಕಾಯಿಯನ್ನು ಕೈಗೆ ತಗೊಂಡು ಕಿವಿಯ ಪಕ್ಕ ಮೂರು ಸಲ ಅಲ್ಲಾಡಿಸಿದರೆ ಸಾಕು, ಒಳಗಿನದನ್ನು ಕಣ್ಣಲ್ಲಿ ಕಂಡಂತೆ ಹೇಳುತ್ತಿದ್ದಳು. ಬುಳಕ್ ಅಂದರೆ ನೀರಿದೆ, ಮೇಲಿಡು. ಏನೂ ಅನ್ನದಿದ್ದರೆ ನೀರು ಇಂಗಿದೆ, ಕೊಬ್ಬರಿ ಇನ್ನೂ ಚಿಪ್ಪು ಬಿಟ್ಟಿಲ್ಲ, ತಡಿ. ಲೊಡ ಲೊಡ ಅಂದರೆ ಕೊಬ್ಬರಿ ಉಂಡೆಯಾಗಿ ಒಳಗೆ ಉರುಳುತ್ತಿದೆ, ಇಳಿಸು. ಲೊಡ ಲೊಡ ಅಂದಮೇಲೂ ಮಳೆಗಾಲದ ಥಂಡಿಯಲ್ಲಿ ಬಿಟ್ಟರೆ ಬೂಷ್ಟು ಹಿಡಿದು ಕಮಟು ವಾಸನೆ ಬರುತ್ತದೆ. ನಲವತ್ತು ವರ್ಷದಲ್ಲಿ ಆ ಅಟ್ಟದಿಂದ ಒಂದು ಕಮಟು ಕೊಬ್ಬರಿ ಇಳಿದಿರಲಿಲ್ಲ. ತಿಪಟೂರಿನ ಮಂಡಿಯ ಗಂಗಯ್ಯ ಅವಳ ಚೀಲಗಳನ್ನು ಬಿಚ್ಚಿ ನೋಡುತ್ತಲೇ ಇರಲಿಲ್ಲ. “ಶಿವರುದ್ರಮ್ಮನ ಅಟ್ಟದ್ದಾ? ಹಾಕು ತೂಕಕ್ಕೆ” ಅಷ್ಟೇ. ಅವಳಿಗೆ ಬೇರೆ ಪದವಿ ಪುರಸ್ಕಾರ ಏನೂ ಇರಲಿಲ್ಲ. ಇದ್ದದ್ದು ಈ ಒಂದು ಮಾತು.

ಸ್ಟುಡಿಯೋ ಶುರುವಾಯಿತು. ಸಂಗೀತಕ್ಕೆ ಹುಳಿಯಾರಿನ ಕಡೆಯ ಹಟ್ಟಿಯಿಂದ ಕಾಟಯ್ಯನನ್ನು ಕರೆಸಿದರು. ಅವನು ನುಡಿಸುವುದು ಗಣೆ, ಉದ್ದನೆಯ ಬಿದಿರಿನ ಕೊಳಲು. ಕೂತರೆ ಒಂದು ಕತೆ ಮುಗಿಯುವವರೆಗೆ ಏಳುವ ಆಸಾಮಿಯಲ್ಲ.

“ಏಳು ಸೆಕೆಂಡು ಅಂದ್ರೆ ಎಷ್ಟೊತ್ತಾ?” ಎಂದು ಕೇಳಿದ.

ಇಂಪನಾ ಬೆರಳು ಮಡಿಸಿ ಎಣಿಸಿ ತೋರಿಸಿದಳು. ಕಾಟಯ್ಯ ನಕ್ಕ. “ತಾಯಿ, ಅಷ್ಟರಲ್ಲಿ ನಾನು ಉಸುರು ಎಳಕೊಳ್ಳೋದೇ ಮುಗಿಯಕಿಲ್ಲ.”

ರೆಕಾರ್ಡಿಂಗ್ ಮಾಡಿ ನೋಡಿದರು. ಅವನು ಹೇಳಿದ್ದು ನಿಜ. ಏಳನೇ ಸೆಕೆಂಡಿಗೆ ಅವನು ಎದೆ ತುಂಬಿಕೊಂಡು ಗಣೆಗೆ ತುಟಿ ತಾಗಿಸುವುದಕ್ಕೂ ಸಂಗೀತದ ಅವಧಿ ಮುಗಿಯುವುದಕ್ಕೂ ಸರಿಯಾಯಿತು. ಹೀಗಾಗಿ ಗೊನೆಗೆರೆ ಪಾಡ್‌ಕಾಸ್ಟಿನ ಪ್ರತಿಯೊಂದು ಕಂತೂ ಕಾಟಯ್ಯ ಉಸಿರು ಎಳೆದುಕೊಳ್ಳುವ ಸದ್ದಿನಿಂದ ಶುರುವಾಗುತ್ತಿತ್ತು. ಅದನ್ನು ‘ಶೀರ್ಷಿಕೆ ಸಂಗೀತ’ ಎಂದು ಜಿಲ್ಲೆಯವರು ಒಪ್ಪಿದರು. ತುಂಬ ಆಧುನಿಕವಾಗಿದೆ ಎಂದು ಒಂದು ಸಾಲು ಮೆಚ್ಚುಗೆಯೂ ಬಂತು. ಎಳೆದುಕೊಂಡ ಉಸಿರನ್ನು ಕಾಟಯ್ಯ ಪ್ರತಿ ಸಲ ಮೂಗಿನಿಂದ ಸುಮ್ಮನೆ ಬಿಟ್ಟುಬಿಡುತ್ತಿದ್ದ. ಪಾಪ, ಮುಖ ನೋಡಲಾಗುತ್ತಿರಲಿಲ್ಲ.

ಮೊದಲನೇ ಅತಿಥಿ ಮನೆಯ ಯಜಮಾನ ರೇವಣಸಿದ್ದಯ್ಯ, ಶಿವರುದ್ರಮ್ಮನ ಗಂಡ. ಕ್ಯಾಮೆರಾದ ಕೆಂಪು ದೀಪ ಹತ್ತಿತು. ಸೂರ್ಯಪ್ರಕಾಶ್ ಹದಿನಾರು ನಿಯಮಗಳನ್ನು ಗಟ್ಟಿಯಾಗಿ ಓದಿದರು. ಪ್ರತಿ ಕಂತಿಗೂ ಮುಂಚೆ ಓದಲೇಬೇಕು ಎಂಬುದು ಹದಿನಾರನೇ ನಿಯಮ.

“ಹೇಳಿ ಯಜಮಾನ್ರೇ, ನಿಮ್ಮ ಅಪ್‌ಡೇಟು.”

ರೇವಣಸಿದ್ದಯ್ಯ ಯೋಚಿಸಿದರು. “ಏನಿಲ್ಲ ಕಣಪ್ಪ. ಎಲ್ಲಾ ಅಂಗೇ ಐತೆ.”

ಆಮೇಲೆ ನಾಲ್ಕು ನಿಮಿಷ ಐವತ್ತು ಸೆಕೆಂಡು ಕ್ಯಾಮೆರಾ ನೋಡುತ್ತ ಕೂತರು. ಅದನ್ನು ನಲವತ್ತು ಸಾವಿರ ಜನ ನೋಡಿದರು. ‘ಮನಸ್ಸಿಗೆ ನೆಮ್ಮದಿಯಾಯಿತು’ ಎಂದು ಯಾರೋ ದೂರದ ಊರಿನವರು ಬರೆದರು. ಜಿಲ್ಲೆಯವರು ಮಾತ್ರ ‘ಸಮಾಚಾರ ಕಂಡುಬಂದಿಲ್ಲ’ ಎಂದು ತಿರಸ್ಕರಿಸಿದರು. ಹದಿನಾಲ್ಕನೇ ನಿಯಮ ಬಲು ಸ್ಪಷ್ಟವಾಗಿತ್ತು: ‘ಸಮಾಚಾರ ನೀಡಿದ ಅತಿಥಿ ಕೂಡಲೇ ಕೆಳಗಿಳಿಯತಕ್ಕದ್ದು. ನೀಡದ ಅತಿಥಿ ನೀಡುವವರೆಗೆ ಮೇಲೇ ಇರತಕ್ಕದ್ದು.’

ರೇವಣಸಿದ್ದಯ್ಯ ಮೇಲೇ ಉಳಿದರು. ಸ್ನಾನಕ್ಕೂ ಬೆಳಗಿನ ಅಗತ್ಯಗಳಿಗೂ ಇಳಿಯಲು ದಿನಕ್ಕೆರಡು ಪಾಸು ಮಂಜೂರಾಯಿತು. ಮುದ್ದೆ ಸಾರು ಏಣಿಯ ಮೇಲೆ ಹೋಗುತ್ತಿತ್ತು.

“ಏನ್ರೀ, ಒಂದು ಮಾತಾಡಿ ಇಳೀಬಾರ್ದಾ? ಊರೋರು ನಗ್ತಾವ್ರೆ” ಎಂದು ಶಿವರುದ್ರಮ್ಮ ಕೆಳಗಿನಿಂದ ಕೂಗುತ್ತಿದ್ದಳು.

“ಇಲ್ಲೇ ತಂಪಾಗೈತೆ ಬುಡು” ಎಂದು ಮೇಲಿನಿಂದ ಉತ್ತರ ಬರುತ್ತಿತ್ತು. ಮದುವೆಯಾದ ಮೇಲೆ ಅವರಿಬ್ಬರು ಅಷ್ಟೊಂದು ಮಾತಾಡಿದ್ದೇ ಆಗ.

ಮಾರ್ಚ್ ಕಳೆಯಿತು, ಏಪ್ರಿಲ್ ಕಳೆಯಿತು. ಊರಿನವರು ಒಬ್ಬೊಬ್ಬರಾಗಿ ಏಣಿ ಹತ್ತಿ ಸಮಾಚಾರ ಹೇಳಿದರು. ಮಾಯಸಂದ್ರದಿಂದ ಸೊಸೆಯಾಗಿ ಬಂದ ರಾಧಾಮಣಿ ತನ್ನ ಹಲ್ಲುನೋವು ಹೇಳಿದಳು. ಚಿಕ್ಕಗಂಗಮ್ಮ ಹೊಸ ಮೊಬೈಲಿನಲ್ಲಿ ಕರೆ ಬಂದರೆ ಎತ್ತುವುದು ಕಲಿತೆ, ಇಡುವುದು ಇನ್ನೂ ಬರುವುದಿಲ್ಲ ಎಂದು ಹೇಳಿದಳು. ಅಟ್ಟಕ್ಕೆ ಹಾಸಿದ್ದು ಬಿದಿರಿನ ಗಳು. ಸಂದಿನಲ್ಲಿ ಎಲ್ಲವೂ ಕೆಳಗಿನ ಅಡುಗೆಮನೆಗೆ ಇಳಿಯುತ್ತಿತ್ತು. ಶಿವರುದ್ರಮ್ಮ ರೊಟ್ಟಿ ತಟ್ಟುತ್ತ ಊರಿನ ಸಮಾಚಾರವನ್ನೂ ಕೇಳಿದಳು, ಹದಿನಾರು ನಿಯಮಗಳನ್ನೂ ಕೇಳಿದಳು. ದಿನಕ್ಕೆ ಹತ್ತು ಹದಿನೈದು ಸಲ. ಸೋಬಾನೆ ಪದ ಬಾಯಿಗೆ ಕೂತ ಹಾಗೆ ನಿಯಮಗಳು ಅವಳ ಬಾಯಿಗೆ ಕೂತವು.

ಮೇ ತಿಂಗಳ ಕೊನೆಯಲ್ಲಿ ಅವಳು ಇನ್ನೊಂದು ಸದ್ದು ಕೇಳಿದಳು. ಯಾರೋ ಅತಿಥಿ ಕೂತಲ್ಲಿ ಸ್ವಲ್ಪ ಸರಿದರು. ಪಕ್ಕದ ಕಾಯಿ ಉರುಳಿತು. ಲೊಡ ಲೊಡ.

ಶಿವರುದ್ರಮ್ಮನ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು. “ಆದವು” ಎಂದಳು, ಒಲೆಗೆ.

ಆ ಸದ್ದನ್ನು ಇಂಪನಾಳ ಹೆಡ್‌ಫೋನೂ ಕೇಳಿತು. ಮಾರನೇ ದಿನ ಶಿವರುದ್ರಮ್ಮನಿಗೆ ನೋಟೀಸು ಬಂತು. ಸೂರ್ಯಪ್ರಕಾಶರೇ ನಿಂತು ಓದಿದರು: ‘ತಮ್ಮ ಅಟ್ಟದಲ್ಲಿರುವ ಪಂಚಾಯಿತಿಯ ಉಪಕರಣಗಳು ಸದ್ದು ಹೀರುವ ಬದಲು ಸದ್ದು ಮಾಡುತ್ತಿರುವುದು ಗಮನಕ್ಕೆ ಬಂದಿದೆ. ಏಳು ದಿನದೊಳಗೆ ಸದರಿ ಉಪಕರಣಗಳನ್ನು ಸುಮ್ಮನಿರಿಸತಕ್ಕದ್ದು.’

“ಇಳಿಸಿದ್ರೆ ಸುಮ್ನಾಯ್ತವೆ ಸಾಮಿ.”

“ಉಪಕರಣ ಸ್ಟುಡಿಯೋ ಬಿಟ್ಟು ಹೊರಗೆ ಹೋಗಂಗಿಲ್ಲಮ್ಮ. ಏಳನೇ ನಿಯಮ.”

“ನೋಡಪ್ಪ, ಮೋಡ ಕಟ್ಟೈತೆ. ಇನ್ನು ಹದಿನೈದಿಪ್ಪತ್ತು ದಿನ ಬುಟ್ರೆ ಥಂಡಿ ಹಿಡಿದು ಕಮಟಾಯ್ತವೆ. ನನ್ ಅಟ್ಟದ್ದು ಅಂತ ಗಂಗಯ್ಯ ಚೀಲ ಬಿಚ್ದಲೇ ಹಾಕ್ಕೋತಾನೆ. ಅವನ ಮುಂದೆ ಕಮಟು ಕೊಬ್ರಿ ಸುರಿದು ಯಾವ ಮಕ ಎತ್ಕೊಂಡು ನಿಂತ್ಕಳ್ಲಿ?”

ಸೂರ್ಯಪ್ರಕಾಶರ ಕಣ್ಣಲ್ಲೂ ನೀರಾಡಿತು. ಆದರೆ ಅದು ಅವರ ಸ್ವಂತ ಕಾರಣಕ್ಕೆ. “ನನ್ನ ಕಷ್ಟ ಯಾರ್ಗೆ ಹೇಳ್ಲಿ ಅಮ್ಮ? ಒಂಬತ್ತು ಸಾವಿರದ ಮುನ್ನೂರು ತಲೆ ತಗೊಂಡು ಬಾ ಅಂತಾರೆ. ಊರಲ್ಲಿರೋದೇ ಎಂಟುನೂರ ಎಂಬತ್ತೆಂಟು. ಉಳಿದೋರ್ನ ನಾನು ಹೆರಕ್ಕಾಯ್ತದಾ?”

ಶಿವರುದ್ರಮ್ಮ ಅವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟಳು. “ನನ್ ಸರದಿ ಯಾವಾಗ?” ಎಂದಷ್ಟೇ ಕೇಳಿದಳು.

ಜೂನ್ ಐದನೇ ತಾರೀಕು ಅವಳ ಸರದಿ. ಮದುವೆಗೆ ಉಡುವ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ಏಣಿ ಹತ್ತಿ ಕೂತಳು. ಮೂಲೆಯಲ್ಲಿ ಗಂಡ, ಬಾಗಿಲಲ್ಲಿ ಕಾಟಯ್ಯ. ನಿಯಮಗಳ ಓದು ಮುಗಿಯಿತು. ಕಾಟಯ್ಯ ಉಸಿರೆಳೆದುಕೊಂಡ. ಕೆಂಪು ದೀಪ ಹತ್ತಿತು.

“ನಮಸ್ಕಾರ ಕಣ್ರಪ್ಪ. ನಾನು ಗೊನೆಗೆರೆ ಶಿವರುದ್ರಮ್ಮ. ನನ್ ಸಮಾಚಾರ ಇಷ್ಟೇ: ನನ್ ಕಾಯಿ ಒಣಗವೆ. ನಂದು ಮುಗೀತು.” ಪಕ್ಕಕ್ಕೆ ಕೈ ಚಾಚಿ ಒಂದು ಕಾಯಿ ಎತ್ತಿ ಮಡಿಲಿಗಿಟ್ಟುಕೊಂಡಳು. “ಈಗ ಇದ್ರ ಸರದಿ.”

“ಅಮ್ಮ, ಅದು ಉಪಕರಣ” ಎಂದರು ಸೂರ್ಯಪ್ರಕಾಶ್.

“ಮೂರನೇ ನಿಯಮ ಏನಪ್ಪ? ಅತಿಥಿ ಅನ್ನೋದು ಊರಲ್ಲಿ ಆರು ತಿಂಗಳಾದ್ರೂ ವಾಸ ಇರ್ಬೇಕು, ಹೇಳ್ಕೊಳ್ಳೋಕೆ ಸ್ವಂತ ಸಮಾಚಾರ ಇರ್ಬೇಕು. ಅಷ್ಟೇ ತಾನೆ? ಇದು ಬಂದು ಹನ್ನೊಂದು ತಿಂಗಳಾಯ್ತು. ನೀನು ಬದ್ಲಿಯಾಗಿ ಬಂದು ಐದು. ನಿನಗಿಂತ ಇದು ಹಳೇ ಒಕ್ಕಲು.”

“ವಾಸ ಸರಿ... ಸಮಾಚಾರ?”

ಶಿವರುದ್ರಮ್ಮ ಕಾಯಿಯನ್ನು ಮೈಕಿನ ಹತ್ತಿರ ಹಿಡಿದು ಮೂರು ಸಲ ಅಲ್ಲಾಡಿಸಿದಳು. ಲೊಡ, ಲೊಡ, ಲೊಡ.

“ಕೇಳ್ತಾ? ಒಳಗಿನ ನೀರೆಲ್ಲ ಇಂಗೋಯ್ತು, ಮೈ ಗಟ್ಟಿಯಾಯ್ತು, ಚಿಪ್ಪಿನ ಋಣ ಬುಡ್ತು ಅಂತ ಹೇಳ್ತಾ ಐತೆ. ತನ್ನದ್ನೇ ಹೇಳ್ತು. ಪಕ್ಕದ ಕಾಯಿದು ಏನಾದ್ರೂ ಹೇಳ್ತಾ? ನಮ್ಮೂರಲ್ಲಿ ಪಕ್ಕದೋರ ಸುದ್ದಿ ಎತ್ತದಂಗೆ ಮಾತಾಡಿದ್ದು ಇದೊಂದೇ ಕಣಪ್ಪ. ಈಗ ಹದಿನಾಲ್ಕನೇ ನಿಯಮ ಓದು.”

ಸೂರ್ಯಪ್ರಕಾಶ್ ಕಾಯಿಯ ಮೇಲಿನ ನಂಬರು ನೋಡಿದರು. ತಮ್ಮದೇ ಕಚೇರಿಯ ಕೈಬರಹ: 8,412. ಜೇಬಿನಿಂದ ಮೊಬೈಲು ತೆಗೆದು ಒಂಬತ್ತು ಸಾವಿರದ ಮುನ್ನೂರರಲ್ಲಿ ಎಂಟುನೂರ ಎಂಬತ್ತೆಂಟು ಕಳೆದರು. ಮೊಬೈಲನ್ನು ಒರೆಸಿ ಇನ್ನೊಂದು ಸಲ ಕಳೆದರು. ಆಮೇಲೆ ಎದ್ದು, ಎರಡೂ ಕೈ ಜೋಡಿಸಿ, ಕಾಯಿಗೆ ನಮಸ್ಕಾರ ಮಾಡಿದರು.

“ಅತಿಥಿಗಳು ಇಳೀಬಹುದು” ಎಂದರು.

ಅಂದೇ ಆದೇಶವಾಯಿತು: ‘ಹನ್ನೊಂದು ತಿಂಗಳ ನಿಷ್ಠಾವಂತ ಸೇವೆಯನ್ನು ಪರಿಗಣಿಸಿ ಸದರಿ ಉಪಕರಣಗಳಿಗೆ ಅತಿಥಿಗಳಾಗಿ ಬಡ್ತಿ ನೀಡಲಾಗಿದೆ.’

ಹತ್ತೊಂಬತ್ತು ದಿನ ನಡೆಯಿತು. ಶಿವರುದ್ರಮ್ಮ ಕಾಯಿ ಎತ್ತಿ ಮೈಕಿಗೆ ಹಿಡಿಯುವಳು, ಇಂಪನಾ ನಂಬರು ಕೂಗುವಳು, ಲೊಡ ಲೊಡ ಅಂದದ್ದು ಏಣಿ ಇಳಿದು ಅಂಗಳಕ್ಕೆ ಹೋಗುವುದು. ಬುಳಕ್ ಅಂದರೆ, “ಇದ್ರ ಸಮಾಚಾರ ಇನ್ನೂ ಹಸಿ, ಕೂತ್ಕಳ್ಲಿ” ಎಂದು ಅವಳು ಗಂಡನ ಪಕ್ಕಕ್ಕೆ ಇಡುವಳು. ಸೂರ್ಯಪ್ರಕಾಶ್ ‘ಬಾಕಿ’ ಎಂದು ಬರೆಯುವರು. ಜಿಲ್ಲೆಯವರು ಒಂದನ್ನೂ ತಿರಸ್ಕರಿಸಲಿಲ್ಲ. ಉಳಿದ ಪಂಚಾಯಿತಿಗಳ ಸಮಾಚಾರಕ್ಕಿಂತ ಗೊನೆಗೆರೆಯದು ಚುಟುಕಾಗಿ, ವಿಷಯಕ್ಕೆ ನೇರವಾಗಿ ಇದೆ ಎಂದು ಬರೆದು, ಇತರರೂ ಅನುಸರಿಸುವಂತೆ ಸುತ್ತೋಲೆ ಕಳಿಸಿದರು. ಮಂಡಿಯ ಗಂಗಯ್ಯ ಈಗ ಕೊಬ್ಬರಿ ಮುಟ್ಟಿಯೂ ನೋಡುತ್ತಿರಲಿಲ್ಲ. ಬೇರೆ ಊರಿನ ರೈತರು ಚೀಲ ತಂದರೆ ಕನ್ನಡಕ ಏರಿಸಿ, “ಎಷ್ಟನೇ ಕಂತಿನ ಕೊಬ್ರಿ ಕಣ್ಲಾ ಇದು? ಕಂತೇ ಇಲ್ವಾ? ಅಪ್‌ಡೇಟ್ ಆಗ್ದಿರೋ ಕೊಬ್ರೀನ ಯಾರು ತಗೋತಾರೆ?” ಎನ್ನತೊಡಗಿದ. ಅವರು ತಲೆ ತಗ್ಗಿಸಿ, ಚೀಲ ಹೊತ್ತು ಗೊನೆಗೆರೆಯ ಏಣಿಯ ಮುಂದೆ ಸಾಲು ನಿಂತರು.

ಹಸಿ ಇದ್ದವೂ ತಿಂಗಳ ಕೊನೆಗೆ ಒಂದೊಂದಾಗಿ ದನಿ ತೆಗೆದು ಇಳಿದವು. ಜೂನ್ ಮೂವತ್ತು, ಮಧ್ಯಾಹ್ನ ಮೂರು ಗಂಟೆ. ಒಂಬತ್ತು ಸಾವಿರದ ಇನ್ನೂರ ತೊಂಬತ್ತೊಂಬತ್ತು ಅಪ್‌ಡೇಟು ಆಗಿತ್ತು. ಅಟ್ಟ ಖಾಲಿ. ಖಾಲಿ ಅಟ್ಟದ ಮೂಲೆಯಲ್ಲಿ ರೇವಣಸಿದ್ದಯ್ಯ ಒಬ್ಬರೇ ಕಾಲು ಚಾಚಿ ಕೂತಿದ್ದರು.

“ಯಜಮಾನ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ಒಂದು, ಒಂದೇ ಒಂದು ಸಮಾಚಾರ” ಎಂದರು ಸೂರ್ಯಪ್ರಕಾಶ್. ಮಾತು ಖಾಲಿ ಅಟ್ಟದಲ್ಲಿ ಎರಡು ಸಲ ಕೇಳಿಸಿತು.

“ಏನಿಲ್ಲ ಕಣಪ್ಪ. ಎಲ್ಲಾ—”

“ಅಂಗೇ ಐತೆ! ಗೊತ್ತು ಬುಡ್ರಿ!” ಎಂದು ಶಿವರುದ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಗಂಡನ ಎರಡೂ ಭುಜ ಹಿಡಿದು ಮೈಕಿನ ಮುಂದೆ ಎಳೆದಳು. ಮೂರು ಸಲ ಅಲ್ಲಾಡಿಸಿದಳು.

ರೇವಣಸಿದ್ದಯ್ಯನವರ ಅಂಗಿಯ ಜೇಬಿನಲ್ಲಿ ತಗಡಿನ ಡಬ್ಬಿ, ಡಬ್ಬಿಯಲ್ಲಿ ಗೋಟಡಿಕೆ. ಲೊಡ, ಲೊಡ, ಲೊಡ.

ಎಲ್ಲರೂ ಕೇಳಿದರು. ಶಿವರುದ್ರಮ್ಮ ಕಿವಿಗೊಟ್ಟು ಇನ್ನೊಂದು ಸಲ ಅಲ್ಲಾಡಿಸಿ ಖಾತ್ರಿ ಮಾಡಿಕೊಂಡಳು. “ಆಗವ್ರೆ. ಇಳಿಸ್ಬೋದು.”

ಸೂರ್ಯಪ್ರಕಾಶ್ ಬರೆದರು: ‘ಅತಿಥಿ ಸಂಪೂರ್ಣವಾಗಿ ಒಣಗಿದ್ದಾರೆ. ಸಮಾಚಾರ ಸ್ವಂತದ್ದೇ ಎಂದು ದೃಢಪಟ್ಟಿದೆ.’ ಜಿಲ್ಲೆಯವರು ಐದೇ ನಿಮಿಷದಲ್ಲಿ ಒಪ್ಪಿದರು. ಗುರಿ ಮುಟ್ಟಿತು. ಆ ರಾತ್ರಿ ಸೂರ್ಯಪ್ರಕಾಶ್ ನಾಲ್ಕು ತಿಂಗಳ ನಿದ್ದೆಯನ್ನು ಒಟ್ಟಿಗೆ ಮಾಡಿದರು.

ಇಷ್ಟಾದ ಮೇಲೆ ಒಂದು ಸಣ್ಣ ತೊಡಕು ಉಳಿಯಿತು. ಪ್ರತಿ ಅತಿಥಿಗೂ ಏಳು ಸೆಕೆಂಡು ಸಂಗೀತ ಮಂಜೂರಾಗಿತ್ತು. ಅವಸರದಲ್ಲಿ ಕಾಯಿಗಳ ಕಂತಿಗೆ ಸಂಗೀತವನ್ನೇ ಹಾಕಿರಲಿಲ್ಲ. ಇಂಪನಾ ಕೂಡಿಸಿ ನೋಡಿದಳು: ಹದಿನಾರು ಗಂಟೆ ಇಪ್ಪತ್ತೊಂದು ನಿಮಿಷ ಬಾಕಿ. ಮಂಜೂರಾದದ್ದನ್ನು ಖರ್ಚು ಮಾಡದೆ ಉಳಿಸುವುದು ಅಪರಾಧ. ಕಾಟಯ್ಯನನ್ನು ಅಂಗಳಕ್ಕೆ ಕರೆತಂದು, “ನುಡಿಸಪ್ಪ, ಈಗ ನಿನಗೆ ಯಾರೂ ಅಡ್ಡಿಯಿಲ್ಲ” ಎಂದರು.

ಕಾಟಯ್ಯ ಉಸಿರು ಎಳೆದುಕೊಂಡ. ಏಳು ಸೆಕೆಂಡಾಯಿತು. ಯಾರೂ ನಿಲ್ಲಿಸಲಿಲ್ಲ. ಅವನಿಗೇ ನಂಬಿಕೆ ಬರದೆ ಸುತ್ತ ನೋಡಿದ. ಆಮೇಲೆ ಊದಿದ.

ಅಂಗಳದ ತುಂಬ ಹೆಂಗಸರು ಸಿಪ್ಪೆ ಸುಲಿದ ಕಾಯಿಗಳ ಚಿಪ್ಪು ಒಡೆಯುತ್ತಿದ್ದರು. ಒಳಗಿನಿಂದ ಉಂಡೆ ಕೊಬ್ಬರಿ ಒಂದೊಂದೇ ಉರುಳಿ ಬಂತು. ಒಂದೂ ಕಮಟಿರಲಿಲ್ಲ. ರೇವಣಸಿದ್ದಯ್ಯ ಕಂಬಕ್ಕೆ ಒರಗಿ ಕೂತು, ಒಣಗಿದವರೆಂದು ದೃಢಪಟ್ಟ ಮೇಲೆ ಮಾತಾಡುವ ತಾಪತ್ರಯ ತಪ್ಪಿತು ಎಂಬ ಹಾಗೆ ಅಡಿಕೆ ಜಗಿಯುತ್ತಿದ್ದರು. ಶಿವರುದ್ರಮ್ಮ ಮಾತ್ರ ಅಟ್ಟದ ಕೆಳಗೆ ನಿಂತಿದ್ದಳು. ಹೊಸ ಕೊಯ್ಲಿನ ಕಾಯಿ ತುಂಬಿದ ಟ್ರ್ಯಾಕ್ಟರ್ ಬಾಗಿಲಿಗೆ ಬಂದಿತ್ತು. ಪಂಚಾಯಿತಿಯ ಇಬ್ಬರು ಮಾರ್ಕರು ಹಿಡಿದು ಏಣಿಯ ಅತ್ತಿತ್ತ ನಿಂತಿದ್ದರು.

ಅವಳು ಮೊದಲನೇ ಕಾಯಿ ಎತ್ತಿ ಅಲ್ಲಾಡಿಸಿದಳು. ಬುಳಕ್ ಅಂದಿತು.

“ಬರ್ಕೊಳ್ರಪ್ಪ” ಎಂದಳು. “ಉಪಕರಣ, ನಾರಿನದು, ದುಂಡಗಿನದು. ನಂಬರು ಒಂದು.”